ಏರಿ ಇದೆ, ಕೆರೆ ಎಲ್ಲಿ? ಹಳೇ ನಕ್ಷೆಗಳಲ್ಲಿ ಬೆಂಗಳೂರು ಹುಡುಕೋದು

ಮೆಜೆಸ್ಟಿಕ್ ಬಸ್ ನಿಲ್ದಾಣ ನೋಡದ ಇಂಜಿನಿಯರಿಂಗ್ ವಿದ್ಯಾರ್ಥಿ ಕರ್ನಾಟಕದಲ್ಲಿ ಸಿಗೋದು ಕಷ್ಟ. ಆ ನಿಲ್ದಾಣದ ಹತ್ತಿರವೇ ಟ್ಯಾಂಕ್ ಬಂಡ್ ರೋಡ್ ಅಂತ ಒಂದು ರಸ್ತೆ ಇದೆ. ಟ್ಯಾಂಕ್ ಬಂಡ್ ಅಂದ್ರೆ ಕೆರೆ ಏರಿ. ಏರಿ ಇದ್ದ ಮೇಲೆ ಕೆರೆಯೂ ಇರಬೇಕಲ್ಲ? ಇತ್ತು. ಅದರ ಹೆಸರು ಧರ್ಮಾಂಬುಧಿ. ಬಿ.ಎಂ.ಟಿ.ಸಿ. ಬಸ್ಸುಗಳು ಸಾಲಾಗಿ ನಿಲ್ಲೋದು ಅದರ ಅಂಗಳದಲ್ಲೇ.

ಇದು ಈಗ ಬಹಳ ಜನಕ್ಕೆ ಗೊತ್ತಿರುವ ಸಂಗತಿ. ಮಳೆಗಾಲದಲ್ಲಿ ಪೇಪರಿನವರೂ ಒಮ್ಮೆ ನೆನಪಿಸುತ್ತಾರೆ. ಆದರೆ 'ಇಲ್ಲೊಂದು ಕೆರೆ ಇತ್ತಂತೆ' ಅಂತ ಕೇಳೋದಕ್ಕೂ, ಹಳೇ ನಕ್ಷೆಯ ಮೇಲೆ ಬೆರಳಿಟ್ಟು ಏರಿ ಎಲ್ಲಿತ್ತು, ಕೋಡಿ ಯಾವ ಕಡೆಗಿತ್ತು, ಹೆಚ್ಚಾದ ನೀರು ಎಲ್ಲಿಗೆ ಹೋಗುತ್ತಿತ್ತು ಅಂತ ನೋಡೋದಕ್ಕೂ ತುಂಬಾ ವ್ಯತ್ಯಾಸ ಇದೆ. ಮೊದಲನೆಯದು ಕತೆ, ಎರಡನೆಯದು ದಾಖಲೆ. ಕನ್ನಡ ಸಂಘದಲ್ಲಿ ನಾವು ಕೆಲವರು ಈ ಸೆಮಿಸ್ಟರ್ ಪೂರ್ತಿ ಇಂಥ ನಕ್ಷೆಗಳ ಹಿಂದೆ ಬಿದ್ದಿದ್ದೆವು. ಸಿವಿಲ್‌ನವರಿಗೆ ಸರ್ವೆಯಿಂಗ್ ಗೊತ್ತಿತ್ತು, ಕಂಪ್ಯೂಟರ್ ಸೈನ್ಸ್‌ನವರಿಗೆ ಸಾಫ್ಟ್‌ವೇರ್ ಗೊತ್ತಿತ್ತು, ಹಳ್ಳಿ ಕಡೆಯಿಂದ ಬಂದವರಿಗೆ ತೂಬು, ಕೋಡಿ, ಅಚ್ಚುಕಟ್ಟು ಅಂದ್ರೆ ಏನು ಅಂತ ಗೊತ್ತಿತ್ತು. ಮೂರೂ ಸೇರದೇ ಹೋದರೆ ಈ ಕೆಲಸ ಆಗೋದಿಲ್ಲ.

1791ರ ಒಂದು ನಕ್ಷೆಯಿಂದ ಶುರುಮಾಡೋಣ. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಆ ವರ್ಷದ ಮಾರ್ಚ್ 7ರಂದು ಬೆಂಗಳೂರು ಪೇಟೆಯನ್ನೂ, ಮಾರ್ಚ್ 21ರ ರಾತ್ರಿ ಕೋಟೆಯನ್ನೂ ಹಿಡಿಯಿತು. ಕಂಪನಿಯ ಸೇವೆಯಲ್ಲಿದ್ದ, ಲಖನೌದಲ್ಲಿ ನೆಲೆಸಿದ್ದ ಫ್ರೆಂಚ್ ಮೂಲದ ಕ್ಲಾಡ್ ಮಾರ್ಟಿನ್ ಆ ದಾಳಿಯ ನಕ್ಷೆ ಬರೆದ. ಅದರಲ್ಲಿ ಕೆಳಗೆ, ಅಂದರೆ ದಕ್ಷಿಣಕ್ಕೆ, ಮೊಟ್ಟೆಯಾಕಾರದ ಕೋಟೆ. ಉತ್ತರಕ್ಕೆ ದೆಹಲಿ ಬಾಗಿಲು, ದಕ್ಷಿಣಕ್ಕೆ ಮೈಸೂರು ಬಾಗಿಲು. ಕೋಟೆಯ ಉತ್ತರಕ್ಕೆ ಪೇಟೆ, ಅದರ ಸುತ್ತ ಕಂದಕ ಮತ್ತು ಮುಳ್ಳುಬೇಲಿ. ಪೇಟೆಯೊಳಗೆ ಉತ್ತರ–ದಕ್ಷಿಣವಾಗಿ ಒಂದು ಉದ್ದ ಬೀದಿ, ಅದನ್ನು ಅಡ್ಡ ಹಾಯುವ ಇನ್ನೊಂದು. ಮೊದಲನೆಯದು ದೊಡ್ಡಪೇಟೆ, ಇವತ್ತಿನ ಅವೆನ್ಯೂ ರೋಡ್. ಎರಡನೆಯದು ಚಿಕ್ಕಪೇಟೆ. ಸೆಕೆಂಡ್ ಹ್ಯಾಂಡ್ ಪುಸ್ತಕಕ್ಕೆ ಅಂತ ನಾವೆಲ್ಲ ಓಡಾಡೋ ರಸ್ತೆ ಇನ್ನೂರು ವರ್ಷಕ್ಕೂ ಹಿಂದಿನ ಗೆರೆಯ ಮೇಲೇ ಇದೆ. ಕಟ್ಟಡ ಬದಲಾದಷ್ಟು ಸುಲಭವಾಗಿ ಬೀದಿ ಬದಲಾಗೋದಿಲ್ಲ. ಹಳೇ ನಕ್ಷೆ ಓದುವವರಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ.

ಊರಬಾಗಿಲುಗಳೂ ಹಾಗೇ. ಹಲಸೂರು ಬಾಗಿಲು ಹೋಗಿ ಎಷ್ಟೋ ಕಾಲ ಆಯ್ತು, ಆದರೆ ಹಲಸೂರು ಗೇಟ್ ಪೊಲೀಸ್ ಠಾಣೆ ಇನ್ನೂ ಇದೆ. ಹಲಸೂರಿನಲ್ಲಿ ಅಲ್ಲ, ಹಲಸೂರಿಗೆ ಹೋಗುವ ದಾರಿ ಪೇಟೆಯಿಂದ ಹೊರಬೀಳುತ್ತಿದ್ದ ಕಡೆ. ಬೆಂಗಳೂರಿಗೆ ಹೊಸದಾಗಿ ಬಂದವರು ಈ ಹೆಸರಿನಿಂದ ದಾರಿ ತಪ್ಪೋದು ಸಾಮಾನ್ಯ. ನಕ್ಷೆ ನೋಡಿದ ಮೇಲೆ ಗೊಂದಲ ಉಳಿಯೋದಿಲ್ಲ.

ಆದರೆ ಇದು ದಾಳಿಗೆ ಬಂದವರು ಬರೆದ ನಕ್ಷೆ ಅನ್ನೋದನ್ನ ಮರೀಬಾರದು. ಫಿರಂಗಿ ಎಲ್ಲಿ ನಿಲ್ಲಿಸಿದರು, ಗೋಡೆ ಎಲ್ಲಿ ಒಡೆಯಿತು, ಕಂದಕ ಎಲ್ಲಿತ್ತು ಅನ್ನೋದು ಅವರಿಗೆ ಮುಖ್ಯ. ಪೇಟೆಯೊಳಗೆ ಯಾವ ಕುಲಕಸುಬಿನವರು ಯಾವ ಬೀದಿಯಲ್ಲಿದ್ದರು ಅನ್ನೋದು ಅವರ ತಲೆನೋವಲ್ಲ. ಹಾಗಾಗಿ ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ ನೆಲದ ಮೇಲೂ ಖಾಲಿ ಇತ್ತು ಅಂತ ಓದಬಾರದು. ಬರೆದವನಿಗೆ ಬೇಕಾಗಿರಲಿಲ್ಲ, ಅಷ್ಟೇ. ಅರಳೆಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಅನ್ನೋ ಹೆಸರುಗಳು ಹೇಳುವ ಇತಿಹಾಸ ಆ ಸೈನಿಕ ನಕ್ಷೆಯಲ್ಲಿ ಸಿಗೋದಿಲ್ಲ.

ಸರಪಳಿ ಹಿಡಿದು ಬಂದವರು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ಎರಡು ದಾರಿಯಲ್ಲಿ ಹೊರಟಿತು. ಒಂದು ಕಾಲಿನ್ ಮೆಕೆಂಜಿಯದು. ಗಡಿ, ಊರು, ಕೆರೆ, ಬೆಳೆಗಳ ಜೊತೆ ಶಾಸನ, ಕೈಫಿಯತ್ತುಗಳನ್ನೂ ಸೇರಿಸಿಕೊಂಡು ಹೋದ ಸರ್ವೆ ಅದು. ಆತನ ಜೊತೆ ಕಾವಲಿ ಬೊರಯ್ಯ, ಲಕ್ಷ್ಮಯ್ಯ ಎಂಬ ಸಹೋದರರು ದುಡಿದರು. ಇವರಿಲ್ಲದಿದ್ದರೆ ಮೆಕೆಂಜಿಯ ಸಂಗ್ರಹವೇ ಇರುತ್ತಿರಲಿಲ್ಲ. ಅದೇ ಮೆಕೆಂಜಿ 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆದ.

ಇನ್ನೊಂದು ವಿಲಿಯಂ ಲ್ಯಾಂಬ್ಟನ್‌ನದು. ನಮ್ಮಂಥವರಿಗೆ ಇದೇ ಹೆಚ್ಚು ರುಚಿ. 1800ರ ಕೊನೆಯ ತಿಂಗಳುಗಳಲ್ಲಿ ಆತ ಬೆಂಗಳೂರಿನ ಪೂರ್ವಕ್ಕೆ, ಬಾಣಸವಾಡಿಯ ಕಡೆಯಿಂದ ದಕ್ಷಿಣಕ್ಕೆ ಸುಮಾರು 7.43 ಮೈಲಿ, ಅಂದರೆ 12 ಕಿಲೋಮೀಟರಿನ ಹತ್ತಿರ, ಒಂದು ನೇರ ಗೆರೆಯನ್ನು ಅಳೆದ. ಅಳತೆಗೆ ಬಳಸಿದ್ದು 100 ಅಡಿಯ ಉಕ್ಕಿನ ಸರಪಳಿ. ಈ ಸರಪಳಿಯದ್ದೇ ಒಂದು ಕತೆ: ಚೀನಾದ ಚಕ್ರವರ್ತಿಗೆ ಉಡುಗೊರೆ ಅಂತ ಹೋಗಿ, ಅಲ್ಲಿ ಯಾರಿಗೂ ಬೇಡವಾಗಿ, ಕಲ್ಕತ್ತಾ ಮೂಲಕ ಇಲ್ಲಿಗೆ ಬಂದಿತ್ತು.

ಒಂದು ಗೆರೆಯನ್ನು ನೆಲದ ಮೇಲೆ ನಿಖರವಾಗಿ ಅಳೆದುಬಿಟ್ಟರೆ ಆಮೇಲೆ ಸರಪಳಿ ಎಳೆಯುವ ಕೆಲಸ ಕಡಿಮೆ. ಗೆರೆಯ ಎರಡು ತುದಿಯಿಂದ ದೂರದ ಒಂದು ಬೆಟ್ಟವನ್ನು ನೋಡಿ ಕೋನ ಅಳೆದರೆ ಸಾಕು, ತ್ರಿಕೋನದ ಉಳಿದ ಬಾಹುಗಳು ಲೆಕ್ಕದಿಂದ ಬರುತ್ತವೆ. ಆ ಬಾಹುವೇ ಮುಂದಿನ ತ್ರಿಕೋನಕ್ಕೆ ತಳ. ಮೊದಲನೇ ವರ್ಷದಲ್ಲಿ ಬೇಜಾರಿನಿಂದ ಕಲಿತ ಸೈನ್ ನಿಯಮ ಇದೇ. ಆದರೆ ತಳದ ಗೆರೆಯಲ್ಲಿ ತಪ್ಪಾದರೆ ಅದು ಕೊನೇ ತ್ರಿಕೋನದವರೆಗೂ ಹರಿದುಕೊಂಡು ಹೋಗುತ್ತೆ. ಬಿಸಿಲಿಗೆ ಉಕ್ಕು ಹಿಗ್ಗುತ್ತೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ 12 ಕಿ.ಮೀ. ಗೆರೆಯಲ್ಲಿ ಸುಮಾರು 1.4 ಮೀಟರ್ ವ್ಯತ್ಯಾಸ ಬರುತ್ತೆ, ನೀವೇ ಲೆಕ್ಕ ಹಾಕಿ ನೋಡಿ. ಅದಕ್ಕೇ ಲ್ಯಾಂಬ್ಟನ್ ಸರಪಳಿಯ ಜೊತೆ ಉಷ್ಣಮಾಪಕವನ್ನೂ ಇಟ್ಟುಕೊಂಡೇ ಅಳೆದ. ಮುಂದೆ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಹತ್ತಿರ ಶುರುವಾಗಿ ಹಿಮಾಲಯದ ತನಕ ಹೋದ ಮಹಾ ಸರ್ವೆಗೆ ಬೆಂಗಳೂರಿನ ಈ ಗೆರೆ ಒಂಥರಾ ತಾಲೀಮು.

ಗೆರೆ ಎಷ್ಟು ದಪ್ಪ?

ಯಾವುದೇ ಹಳೇ ನಕ್ಷೆ ಕೈಗೆ ಬಂದರೆ ಮೊದಲು ನೋಡಬೇಕಾದ್ದು ಅಳತೆಯ ಪ್ರಮಾಣ. ಸರ್ವೆ ಆಫ್ ಇಂಡಿಯಾದ ಹಳೇ ಹಾಳೆಗಳು ಹೆಚ್ಚಾಗಿ ಒಂದು ಇಂಚಿಗೆ ಒಂದು ಮೈಲಿ, ಅಂದರೆ 1:63,360. ಮೆಟ್ರಿಕ್ ಬಂದ ಮೇಲೆ 1:50,000. ಒಂದು ಇಂಚಿನ ನಕ್ಷೆಯಲ್ಲಿ ಕಾಲು ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ 16 ಮೀಟರ್ ಅಗಲ. ನಿಮ್ಮ ಮನೆ ಕೆರೆಯ ಒಳಗಿತ್ತಾ ಹೊರಗಿತ್ತಾ ಅಂತ ಇದರಲ್ಲಿ ಹುಡುಕೋದು ಬೇಡ. ಆ ಗೆರೆಯ ಕೆಳಗೇ ನಿಮ್ಮ ಮನೆ, ಪಕ್ಕದ ಮನೆ ಎರಡೂ ಮುಚ್ಚಿಹೋಗಿರುತ್ತವೆ.

ಅಂಥ ಪ್ರಶ್ನೆಗೆ ಗ್ರಾಮ ನಕ್ಷೆ ಬೇಕು. ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ 1:7,920 ಪ್ರಮಾಣದಲ್ಲಿರುತ್ತವೆ, ಅಂದರೆ ಒಂದು ಇಂಚಿಗೆ 660 ಅಡಿ. ವಿಚಿತ್ರ ಅಂಕಿ ಅನಿಸುತ್ತೆ ಅಲ್ವಾ? 660 ಅಂದರೆ 66 ಅಡಿಯ ಹತ್ತು ಸರಪಳಿ. ಅದರ ಅರ್ಧ 33 ಅಡಿ. 33 ಅಡಿ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ, ಒಂದು ಗುಂಟೆಗೆ 16 ಆಣೆ. ನಗರದಲ್ಲಿ ಎಲ್ಲರ ಕನಸಾದ ಮೂವತ್ತು–ನಲವತ್ತು ಸೈಟು ಒಂದು ಗುಂಟೆಗಿಂತ ಸ್ವಲ್ಪ ಜಾಸ್ತಿ. ಪಹಣಿಯಲ್ಲಿ ಅಜ್ಜಂದಿರು ಓದುವ ಎಕರೆ–ಗುಂಟೆ–ಆಣೆ ಲೆಕ್ಕ ನೇರವಾಗಿ ಸರಪಳಿಯಿಂದ ಬಂದದ್ದು.

ಹಳೇ ಮೈಸೂರಿನಲ್ಲಿ ಈ ಬಗೆಯ ಕಂದಾಯ ಸರ್ವೆ 1860ರ ದಶಕದಲ್ಲಿ ಶುರುವಾಯಿತು. ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರು, ಕೆರೆ, ಹಳ್ಳ, ಬಂಡಿದಾರಿ, ಕಾಲುದಾರಿ, ಗೋಮಾಳ, ಗುಂಡುತೋಪು, ಸ್ಮಶಾನ ಎಲ್ಲ ಇರುತ್ತವೆ. ಕೆಲವು ಕಡೆ ಬೇಚಿರಾಕ್ ಅಂತ ಬರೆದ ಗ್ರಾಮ ಸಿಗುತ್ತೆ. ಚಿರಾಗು ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಗಡಿ ಇದೆ, ಹೆಸರಿದೆ, ಸರ್ವೆ ನಂಬರಿದೆ, ಒಂದು ಮನೆಯೂ ಇಲ್ಲ. ಪ್ಲೇಗಿಗೋ, ಬರಕ್ಕೋ, ಬಾವಿ ಬತ್ತಿದ್ದಕ್ಕೋ ಜನ ಎದ್ದು ಹೋಗಿರುತ್ತಾರೆ. ಅಂಥ ಕಡೆ ಹೋಗಿ ನೋಡಿದರೆ ಎಷ್ಟೋ ಸಲ ಹೊಲದ ನಡುವೆ ಒಂದು ಪಾಳು ಗುಡಿ, ಒಂದು ವೀರಗಲ್ಲು, ದೊಡ್ಡ ಹುಣಸೆಮರ ಸಿಗುತ್ತವೆ. ಕಂದಾಯ ದಾಖಲೆಯಲ್ಲಿ ಇಷ್ಟು ಕಾವ್ಯಮಯವಾದ ಇನ್ನೊಂದು ಪದ ನಮಗಂತೂ ಸಿಕ್ಕಿಲ್ಲ.

ಈಗ ಮುಖ್ಯವಾದ ವಿಷಯ. ನಮ್ಮ ತಂಡದ ಗೆಳತಿಯೊಬ್ಬಳ ಮನೆಯವರು ನಗರದ ಅಂಚಿನಲ್ಲಿ ಸೈಟು ತಗೊಳ್ಳೋ ಮಾತುಕತೆ ನಡೆಸಿದ್ದರು. ಅವಳ ಅಪ್ಪ ಇಪ್ಪತ್ತು ವರ್ಷ ಕೂಡಿಟ್ಟ ದುಡ್ಡು. ಬಡಾವಣೆಯ ಬಣ್ಣಬಣ್ಣದ ಪ್ಲಾನಿನಲ್ಲಿ ಎಲ್ಲ ಚೌಕ ಚೌಕ, ಮೂಲೆಗೊಂದು ಪಾರ್ಕು. ಅವಳು ಆ ಸರ್ವೆ ನಂಬರ್ ಹಿಡಿದು ಗ್ರಾಮ ನಕ್ಷೆ ತೆಗೆದಳು. ಮೇಲಿನ ಒಂದು ಕೆರೆಯ ಕೋಡಿಯಿಂದ ಕೆಳಗಿನ ಕೆರೆಗೆ ಹೋಗುವ ಹಳ್ಳ ಆ ನಂಬರಿನ ಮೂಲೆಯನ್ನು ಕತ್ತರಿಸಿಕೊಂಡು ಹೋಗಿತ್ತು. ಪಹಣಿಯಲ್ಲಿ 'ಬಿ' ಖರಾಬು ಅಂತ ಕೆಲವು ಗುಂಟೆ ಇತ್ತು. ಖರಾಬಿನಲ್ಲಿ ಎರಡು ಬಗೆ: 'ಎ' ಅಂದರೆ ಸಾಗುವಳಿಗೆ ಬಾರದ ನೆಲ, 'ಬಿ' ಅಂದರೆ ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಅದನ್ನು ಯಾರೂ ಯಾರಿಗೂ ಮಾರುವ ಹಾಗಿಲ್ಲ. ಅವಳ ಅಪ್ಪ ಮೊದಲು "ನೀನು ಓದೋದು ಬಿಟ್ಟು ಇದೆಲ್ಲ ಯಾಕಮ್ಮ" ಅಂದರಂತೆ. ಆಮೇಲೆ ಆ ನಕ್ಷೆಯನ್ನು ಮಡಚಿ ಜೇಬಲ್ಲಿಟ್ಟುಕೊಂಡು ಜಾಗಕ್ಕೆ ಹೋಗಿ ಬಂದರು. ಅಡ್ವಾನ್ಸ್ ಕೊಡಲಿಲ್ಲ.

ನೀರಿಗೆ ಹಳೇ ನಕ್ಷೆಯೇ ಗೊತ್ತಿರೋದು

ಬೆಂಗಳೂರು ಒಂದು ದಿಬ್ಬದ ಬೆನ್ನ ಮೇಲೆ ಕೂತಿದೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಮೂಲಕ ಕಾವೇರಿಗೆ ಹೋಗುತ್ತೆ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ದೊಡ್ಡ ನದಿ ಯಾವುದೂ ಹತ್ತಿರ ಇಲ್ಲದ ಕಾರಣ ಹಿಂದಿನವರು ಪ್ರತಿ ಕಣಿವೆಯಲ್ಲೂ ಏರಿ ಕಟ್ಟಿ ಕೆರೆ ಮಾಡಿದರು. ಒಂದು ತುಂಬಿದರೆ ಕೋಡಿ ಬಿದ್ದು ಮುಂದಿನದಕ್ಕೆ. ಹಳೇ ಹಾಳೆಯಲ್ಲಿ ಈ ಸರಣಿ ಎಷ್ಟು ಸ್ಪಷ್ಟವಾಗಿ ಕಾಣುತ್ತೆ ಅಂದ್ರೆ, ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ.

ಓದೋ ರೀತಿ ಹೀಗೆ. ಕೆರೆಯ ಒಂದು ಬದಿ ನೇರವಾಗಿ ಅಥವಾ ಬಿಲ್ಲಿನ ಹಾಗೆ ದಪ್ಪ ಗೆರೆ ಇದ್ದರೆ ಅದು ಏರಿ, ಅಂದರೆ ತಗ್ಗಿನ ಕಡೆ. ಉಳಿದ ಬದಿಗಳು ಅಂಕುಡೊಂಕಾಗಿರುತ್ತವೆ, ಅದು ನೀರು ಬರುವ ಕಡೆ. ಏರಿಯ ಪಕ್ಕ '3r' ಥರದ ಅಂಕಿ ಇದ್ದರೆ ಅದು ಏರಿಯ ಎತ್ತರ. ಕಂದು ಬಣ್ಣದ ಸಮೋನ್ನತ ರೇಖೆಗಳು ಕಣಿವೆಯಲ್ಲಿ 'ವಿ' ಆಕಾರ ಪಡೆದಾಗ ಅದರ ಮೊನೆ ಮೇಲ್ಗಡೆಗೆ ತೋರಿಸುತ್ತೆ. ನೀಲಿ ತುಂಬಿದ್ದರೆ ನೀರಿರುವ ಕೆರೆ, ಬರೀ ಅಂಚಿನ ಗೆರೆ ಇದ್ದರೆ ಬತ್ತುವ ಕೆರೆ. ಇಲ್ಲಿ ಒಂದು ಎಚ್ಚರಿಕೆ: ಸರ್ವೆ ಮಾಡಿದ ತಿಂಗಳು ಯಾವುದು ಅನ್ನೋದರ ಮೇಲೂ ಕೆರೆಯ ಆಕಾರ ನಿಂತಿದೆ. ಮಾರ್ಚಿನಲ್ಲಿ ನೋಡಿದವನಿಗೆ ಸಣ್ಣ ಕುಂಟೆ, ಅಕ್ಟೋಬರಿನಲ್ಲಿ ನೋಡಿದವನಿಗೆ ದೊಡ್ಡ ಕೆರೆ. ಒಂದೇ ನಕ್ಷೆ ನೋಡಿ ಕೆರೆ ಕುಗ್ಗಿತು ಅಂತ ತೀರ್ಪು ಕೊಡಬಾರದು, ಏರಿಯನ್ನು ನೋಡಬೇಕು. ಏರಿ ಋತುವಿಗೆ ತಕ್ಕ ಹಾಗೆ ಬದಲಾಗೋದಿಲ್ಲ.

ಹೀಗೆ ಬೇರೆ ಬೇರೆ ಕಾಲದ ಹಾಳೆಗಳನ್ನು ಪಕ್ಕ ಪಕ್ಕ ಇಟ್ಟರೆ ಊರಿನ ಮೈದಾನಗಳೆಲ್ಲ ಒಂದೊಂದಾಗಿ ನೀರಾಗುತ್ತವೆ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಫುಟ್‌ಬಾಲ್ ಕ್ರೀಡಾಂಗಣ ಶೂಲೆ ಕೆರೆಯಲ್ಲಿ. ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ. ಗಾಲ್ಫ್ ಮೈದಾನ ಚಲ್ಲಘಟ್ಟದಲ್ಲಿ. ಕೋರಮಂಗಲದ ರಾಷ್ಟ್ರೀಯ ಕ್ರೀಡಾಗ್ರಾಮವೂ ಕೆರೆಯೇ. ಬೆಂಗಳೂರಿಗೆ ಆಟದ ಮೇಲೆ ಇಷ್ಟು ಪ್ರೀತಿ ಯಾಕೆ ಅಂದ್ರೆ, ಕೆರೆ ಅಂಗಳ ಸರ್ಕಾರಿ ನೆಲ, ಮಟ್ಟಸವಾದ ನೆಲ, ಯಾರಿಗೂ ಪರಿಹಾರ ಕೊಡಬೇಕಿಲ್ಲ.

ಸಂಪಂಗಿ ಕೆರೆಯ ಬಗ್ಗೆ ಸ್ವಲ್ಪ ನಿಲ್ಲಬೇಕು. ಹತ್ತೊಂಬತ್ತನೇ ಶತಮಾನದ ನಕ್ಷೆಗಳಲ್ಲಿ ಅದು ಪೇಟೆಗೂ, 1809ರ ಹೊತ್ತಿಗೆ ಎದ್ದ ದಂಡು ಪ್ರದೇಶಕ್ಕೂ ನಡುವೆ ಇದೆ. ಒಂದು ಕಡೆ ಮೈಸೂರು ಸಂಸ್ಥಾನದ ಊರು, ಇನ್ನೊಂದು ಕಡೆ ಬ್ರಿಟಿಷರ ಕಂಟೋನ್ಮೆಂಟು. ಪೇಟೆಯ ಸುತ್ತ ತರಕಾರಿ, ಹೂವು ಬೆಳೆದು ಊರಿಗೆ ಕೊಡುತ್ತಿದ್ದವರು ತಿಗಳರು. ಅವರ ಬೆಳೆ ಇಂಥ ಕೆರೆಗಳ ನೀರಿನ ಮೇಲೆ ನಿಂತಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಕುಡಿಯೋಕೆ ಬೇಡವಾದ ಮೇಲೆ ಊರೊಳಗಿನ ಕೆರೆ ಅಧಿಕಾರಿಗಳ ಕಣ್ಣಿಗೆ ಸೊಳ್ಳೆಯ ತಾಣವಾಗಿಯೋ, ಖಾಲಿ ಜಾಗವಾಗಿಯೋ ಕಾಣತೊಡಗಿತು. ತೋಟದವರ ಕಣ್ಣಿಗೆ ಹಾಗೆ ಕಾಣಲಿಲ್ಲ, ಆದರೆ ನಕ್ಷೆ ಬರೆಸುತ್ತಿದ್ದವರು ಅವರಲ್ಲ. ಈಗ ಅಲ್ಲಿ ಒಂದು ಪುಟ್ಟ ಹೊಂಡ ಮಾತ್ರ ಉಳಿದಿದೆ. ಕರಗದ ಆಚರಣೆಗೆ ಅದು ಬೇಕು ಅನ್ನೋ ಒಂದೇ ಕಾರಣಕ್ಕೆ ಉಳಿದದ್ದು. ತಿಗಳರ ಕರಗ ಪ್ರತಿ ಚೈತ್ರದಲ್ಲಿ ಆ ಜಾಗಕ್ಕೆ ಬರುತ್ತೆ. ನಕ್ಷೆಯಿಂದ ಅಳಿಸಿದ ಕೆರೆಯನ್ನು ಆಚರಣೆ ನೆನಪಿಟ್ಟುಕೊಂಡಿದೆ.

ನೀರಿಗೆ ಬಡಾವಣೆಯ ಹೆಸರು ಗೊತ್ತಿಲ್ಲ. ಮೆಜೆಸ್ಟಿಕ್ ಕಡೆಯಿಂದ ಕೆ.ಆರ್. ಮಾರ್ಕೆಟ್, ಶಾಂತಿನಗರ ದಾಟಿ ಬೆಳ್ಳಂದೂರಿನ ಕಡೆ ಹೋಗುವ ರಾಜಕಾಲುವೆಗೆ ಪಾಲಿಕೆಯವರು ಕೆ–100 ಅಂತ ಹೆಸರಿಟ್ಟಿದ್ದಾರೆ. ಕೆ.ಆರ್. ಮಾರ್ಕೆಟ್ ಎದ್ದದ್ದೂ ಸಿದ್ದಿಕಟ್ಟೆ ಅನ್ನೋ ಕಟ್ಟೆಯ ಜಾಗದಲ್ಲಿ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು ಸುತ್ತಮುತ್ತ ಜನರನ್ನು ದೋಣಿ, ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದು ನಿಮಗೆ ನೆನಪಿರಬಹುದು. ಒಂದು ಸಣ್ಣ ಲೆಕ್ಕ: ಒಂದು ಚದರ ಕಿಲೋಮೀಟರ್ ಕಾಂಕ್ರೀಟಿನ ಮೇಲೆ 50 ಮಿ.ಮೀ. ಮಳೆ ಬಂದರೆ 50,000 ಘನ ಮೀಟರ್ ನೀರು. ಹತ್ತು ಹೆಕ್ಟೇರಿನ ಕೆರೆಯಲ್ಲಿ ಅರ್ಧ ಮೀಟರ್ ಜಾಗ ಖಾಲಿ ಇದ್ದರೆ ಅದಷ್ಟೂ ಹಿಡಿಸುತ್ತೆ. ಕೆರೆ ಇಲ್ಲದಿದ್ದರೆ ಅದೇ ನೀರು ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯುತ್ತೆ.

ನೀವೇ ಮಾಡಬೇಕೆಂದರೆ

ಬೆಂಗಳೂರಿಗೆ ಸರ್ವೆ ಆಫ್ ಇಂಡಿಯಾದ ಹಳೇ ಹಾಳೆಯ ನಂಬರ್ 57 ಎಚ್/9. ಯಲಹಂಕದ ಕಡೆಗೆ 57 ಜಿ/12. ನಿಮ್ಮೂರಿನ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ನಂಬರ್ ಹುಡುಕೋದು ಸುಲಭ. ಗ್ರಾಮ ನಕ್ಷೆಗಳು ಕಂದಾಯ ಇಲಾಖೆಯ ಜಾಲತಾಣದಲ್ಲಿ ಪಿಡಿಎಫ್ ಆಗಿ ಸಿಗುತ್ತವೆ. ಅದಕ್ಕಿಂತ ಹಳೆಯವು ಬೇಕಾದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿ, ಇಲ್ಲೇ ನಮ್ಮ ರಾಜ್ಯ ಪತ್ರಾಗಾರ.

ಸ್ಕ್ಯಾನ್ ಮಾಡಿದ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸೋಕೆ ಕ್ಯೂಜಿಐಎಸ್ ಅನ್ನೋ ಉಚಿತ ತಂತ್ರಾಂಶ ಸಾಕು. ಎರಡರಲ್ಲೂ ಇರುವ, ಜಾಗ ಬದಲಿಸದ ಬಿಂದುಗಳನ್ನು ಆರಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ನಾವು ನಂಬಿದ್ದು ಕೋಟೆಯ ದೆಹಲಿ ಬಾಗಿಲು, ಕೋಟೆ ವೆಂಕಟರಮಣ ದೇವಸ್ಥಾನ, ದೊಡ್ಡಪೇಟೆ–ಚಿಕ್ಕಪೇಟೆ ಕೂಡುವ ಚೌಕ, ಲಾಲ್‌ಬಾಗ್ ಬಂಡೆ ಮತ್ತು ಹಲಸೂರಿನ ಕೆಂಪೇಗೌಡ ಗೋಪುರಗಳು. ಬಿಂದುಗಳು ಒಂದೇ ಮೂಲೆಯಲ್ಲಿ ಗುಂಪಾಗಿದ್ದರೆ ಉಳಿದ ಭಾಗ ಎಲ್ಲೆಲ್ಲೋ ಎಳೆದುಕೊಂಡು ಹೋಗುತ್ತೆ, ನಾಲ್ಕೂ ಕಡೆ ಹರಡಿರಬೇಕು. ತೀರಾ ಹಳೇ ನಕ್ಷೆಗೆ ಉನ್ನತ ದರ್ಜೆಯ ಬಹುಪದಿ ಹಾಕಿ ದೋಷವನ್ನು ಸೊನ್ನೆ ಮಾಡಬೇಡಿ. ಅಂಕಿ ಚೆನ್ನಾಗಿ ಕಾಣುತ್ತೆ, ನಕ್ಷೆ ಹಪ್ಪಳದ ಹಾಗೆ ಸುರುಟಿರುತ್ತೆ.

ನಕ್ಷೆಯ ಅಂಚಿನ ಸಣ್ಣ ಅಕ್ಷರಗಳನ್ನೂ ಓದಿ. 20ನೇ ಶತಮಾನದ ಆರಂಭದವರೆಗಿನ ಹಾಳೆಗಳಲ್ಲಿ ರೇಖಾಂಶವನ್ನು ಮದರಾಸು ವೀಕ್ಷಣಾಲಯದ ಹಳೇ ಬೆಲೆಯಿಂದ ಎಣಿಸುತ್ತಿದ್ದರು. ಅದು ಸುಮಾರು 2 ನಿಮಿಷ 27 ಸೆಕೆಂಡಿನಷ್ಟು ಹೆಚ್ಚಿತ್ತು. ನಮ್ಮ ಅಕ್ಷಾಂಶದಲ್ಲಿ ಅದು 4.4 ಕಿ.ಮೀ. ಆ ತಿದ್ದುಪಡಿ ಮಾಡದೆ ಬರೀ ಅಂಚಿನ ಅಂಕಿ ನಂಬಿ ಕೂರಿಸಿದರೆ ಮೆಜೆಸ್ಟಿಕ್ ಹೋಗಿ ಎಂ.ಜಿ. ರೋಡಿನಲ್ಲಿ ಕೂರುತ್ತೆ!

ಇಸವಿ ಇಲ್ಲದ ಜೆರಾಕ್ಸ್ ಪ್ರತಿ ಸಿಕ್ಕರೂ ಬಿಸಾಡಬೇಡಿ. ರೈಲು ಹಳಿಯೇ ಇಲ್ಲ ಅಂದ್ರೆ 1864ಕ್ಕಿಂತ ಹಿಂದಿನದು. ದಂಡು ನಿಲ್ದಾಣ ಇದ್ದು ಮೈಸೂರಿನ ಕಡೆಯ ಹಳಿ ಇಲ್ಲದಿದ್ದರೆ 1880ರ ದಶಕದ ಆರಂಭಕ್ಕಿಂತ ಮೊದಲಿನದು. ಬಸವನಗುಡಿ, ಮಲ್ಲೇಶ್ವರದ ಚೌಕಾಕಾರದ ಬೀದಿಗಳು ಕಂಡರೆ 1898ರ ಪ್ಲೇಗಿನ ಆಮೇಲಿನದು. ಹೆಸರುಗಳೂ ಸುಳಿವು ಕೊಡುತ್ತವೆ: ಸೌತ್ ಪೆರೇಡ್ ಅಂದ್ರೆ ಈಗಿನ ಎಂ.ಜಿ. ರೋಡ್, ಕ್ಯಾವಲ್ರಿ ರೋಡ್ ಅಂದ್ರೆ ಕಾಮರಾಜ ರಸ್ತೆ. ಸಂದ್ರ ಅಂತ ಮುಗಿಯುವ ಊರು ಕಂಡರೆ ಹತ್ತಿರದಲ್ಲೇ ಏರಿ ಹುಡುಕಿ. ಸಂದ್ರ ಅನ್ನೋದು ಸಮುದ್ರದ ಸವೆದ ರೂಪ, ದೊಡ್ಡ ಕೆರೆಗೆ ಹಿಂದೆ ಇಡುತ್ತಿದ್ದ ಹೆಸರು.

ಕೊನೆಗೆ ನಕ್ಷೆ ಹಿಡಿದು ಆ ಜಾಗಕ್ಕೆ ಹೋಗಲೇಬೇಕು. ಸಂಜೆ ಹೊತ್ತು ದೇವಸ್ಥಾನದ ಕಟ್ಟೆ ಮೇಲೆ ಕೂತ ಹಿರಿಯರಿಗೆ ತೋರಿಸಿ "ತಾತ, ಇಲ್ಲಿ ತೂಬು ಎಲ್ಲಿತ್ತು?" ಅಂತ ಕೇಳಿ. ನಕ್ಷೆಯಲ್ಲಿ ಹೆಸರಿಲ್ಲದ ಕುಂಟೆಗೂ ಅವರ ಹತ್ತಿರ ಒಂದು ಹೆಸರಿರುತ್ತೆ. ಹಾಗೆ ಸಿಕ್ಕ ಹೆಸರುಗಳನ್ನು ನಮ್ಮ ಕಾಲೇಜಿನ ಸುತ್ತಲಿನ ಮೂರು ಗ್ರಾಮ ನಕ್ಷೆಗಳ ಮೇಲೆ ಪೆನ್ಸಿಲಿನಲ್ಲಿ ಬರೆದು ಸಂಘದ ಕೋಣೆಯ ಗೋಡೆಗೆ ಅಂಟಿಸಿದ್ದೇವೆ. ಪೆನ್ಸಿಲ್ ಅಲ್ಲೇ ದಾರಕ್ಕೆ ಕಟ್ಟಿದೆ, ನಿಮಗೆ ಗೊತ್ತಿರುವ ಹೆಸರು ಬಿಟ್ಟುಹೋಗಿದ್ದರೆ ಬರೆದು ಹೋಗಿ.